'ಗ್ಯಾಸು' ಅಂದುಕೊಂಡ ನೋವಿನ ಇನ್ನೂರೈವತ್ತು ವರ್ಷ

ವಾರಕ್ಕೆ ಎರಡೋ ಮೂರೋ ನಿಧನ ಸುದ್ದಿ ಕಳಿಸುವುದು ನನ್ನ ಕೆಲಸದ ಭಾಗ. ಜಿಲ್ಲಾ ಪುಟದ ಮೂಲೆಯಲ್ಲಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಕೆಳಗೆ ಬರುತ್ತವಲ್ಲ, ಅವೇ. 'ಹೃದಯಾಘಾತದಿಂದ ನಿಧನರಾದರು. ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಇದ್ದಾರೆ.' ಫೋನಿನಲ್ಲಿ ವಿವರ ಕೊಡುವವರನ್ನು ಏನಾಗಿತ್ತು ಅಂತ ಕೇಳಿದರೆ ಬಹಳ ಸಲ ಬರುವುದು ಒಂದೇ ಉತ್ತರ. "ಏನೂ ಇರ್ಲಿಲ್ಲ ಸಾರ್, ಚೆನ್ನಾಗೇ ಇದ್ರು. ರಾತ್ರಿ ಸ್ವಲ್ಪ ಗ್ಯಾಸ್ ಆಗೈತೆ ಅಂತಿದ್ರು."

2014ರ ಬೇಸಿಗೆಯಲ್ಲಿ ಅಂಥ ನಾಲ್ಕು ಸಾಲನ್ನು ನಮ್ಮ ಮನೆಯ ಬಗ್ಗೆಯೇ ಬರೆದೆ. ದೊಡ್ಡಪ್ಪನಿಗೆ ಆಗ 52. ಮದುವೆ ಮನೆಯಲ್ಲಿ ಊಟ ಮುಗಿಸಿ ಬಂದಿದ್ದರು. ಒಂಬತ್ತು ಗಂಟೆ ಹೊತ್ತಿಗೆ ಎದೆ ಉರಿ ಅಂದರು, ಮೈ ಬೆವರಿತು. ಗೋಲಿ ಸೋಡಾ ಕುಡಿಸಿದೆವು. ದೊಡ್ಡಮ್ಮ ಓಂಕಾಳು ಬಿಸಿನೀರು ಕೊಟ್ಟರು. ಹತ್ತೂವರೆಗೆ ಪಕ್ಕದೂರಿನಿಂದ ಡಾಕ್ಟರೊಬ್ಬರು ಬೈಕಿನಲ್ಲಿ ಬಂದು ಗ್ಯಾಸಿನ ಇಂಜೆಕ್ಷನ್ ಚುಚ್ಚಿ, ಬೆಳಗ್ಗೆ ನೋಡೋಣ ಅಂದರು. ಮೂರು ಗಂಟೆಗೆ ದೊಡ್ಡಪ್ಪನಿಗೆ ಉಸಿರು ಎಳೆಯುವುದೇ ಕಷ್ಟವಾಯಿತು. ಬಾಡಿಗೆ ಗಾಡಿ ಹಿಡಿದು ಹೊರಟೆವು. ಪಟ್ಟಣ ಇನ್ನೂ ಎಂಟು ಕಿಲೋಮೀಟರ್ ಇರುವಾಗ ನನ್ನ ತೊಡೆಯ ಮೇಲೆ ಅವರ ತಲೆ ಭಾರವಾಯಿತು.

ಆ ರಾತ್ರಿ ಅಲ್ಲಿದ್ದವರಲ್ಲಿ ಪೇಪರು ಓದಿಕೊಂಡವನು ನಾನೊಬ್ಬನೇ. ಡಿಪ್ಲೊಮಾ ಮುಗಿಸಿ ಒಂದು ವರ್ಷ ಆಗಿತ್ತು. ನನಗೂ ಗ್ಯಾಸು ಅಂತಲೇ ಅನ್ನಿಸಿತ್ತು. ಈ ರೋಗದ ಕಥೆಯನ್ನು ನಾನು ಓದಲು ಶುರು ಮಾಡಿದ್ದು ಆಮೇಲೆ. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ನಮ್ಮ ಮನೆಯಲ್ಲಿ ಆದ ತಪ್ಪನ್ನು ಪ್ರಪಂಚದ ದೊಡ್ಡ ದೊಡ್ಡ ಡಾಕ್ಟರುಗಳೂ ನೂರಾರು ವರ್ಷ ಮಾಡಿದ್ದಾರೆ. ಅವರು ಅದರಿಂದ ಹೊರಗೆ ಬಂದದ್ದು ಮೊದಲಿಗೆ ಯಂತ್ರದಿಂದಲ್ಲ, ರೋಗಿ ಹೇಳಿದ್ದನ್ನು ಕೂತು ಕೇಳಿದ್ದರಿಂದ.

ನಿಂತರೆ ಹೋಗುವ ನೋವು

ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಅನ್ನುವ ವೈದ್ಯರಿದ್ದರು. ರೋಗಿಗಳು ಹೇಳಿದ್ದನ್ನು ಬರೆದಿಟ್ಟುಕೊಳ್ಳುವುದು ಅವರ ರೂಢಿ. 1768ರ ಜುಲೈ 21ರಂದು ಅಲ್ಲಿನ ವೈದ್ಯರ ಸಭೆಯಲ್ಲಿ ಒಂದು ಲೇಖನ ಓದಿದರು. 1772ರಲ್ಲಿ ಅದು ಅಚ್ಚಾಯಿತು. ಸುಮಾರು 20 ಜನರಲ್ಲಿ ತಾನು ಕಂಡ ಒಂದು ವಿಚಿತ್ರ ಎದೆನೋವಿನ ವಿವರ ಅದರಲ್ಲಿತ್ತು. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ ನಡೆದರೆ ಇನ್ನೂ ಹೆಚ್ಚು. ಉಸಿರೇ ನಿಂತುಹೋಗುತ್ತದೆ ಅನ್ನಿಸುವಷ್ಟು ಜೋರಾಗಿರುತ್ತದೆ. ಆದರೆ ನಿಂತ ಕೂಡಲೇ ಮಾಯ. ಕೆಲವರಿಗೆ ಎಡಗೈಗೂ ಇಳಿಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದ ಮೇಲೆ ನಿಂತರೂ ಬೇಗ ಹೋಗುವುದಿಲ್ಲ, ಮಲಗಿದ್ದಾಗಲೂ ಬರತೊಡಗುತ್ತದೆ. ಕೊನೆಗೆ ಒಂದು ದಿನ ಆ ಮನುಷ್ಯ ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತಾನೆ.

ಅದಕ್ಕೆ ಅವರು ಇಟ್ಟ ಹೆಸರು ಆಂಜೈನಾ ಪೆಕ್ಟೊರಿಸ್. ಲ್ಯಾಟಿನ್ ಮಾತು. ಎದೆಯನ್ನು ಹಿಸುಕಿದ ಹಾಗೆ, ಉಸಿರು ಕಟ್ಟಿಸಿದ ಹಾಗೆ ಅಂತ ಅರ್ಥ. ಇವತ್ತಿಗೂ ಡಾಕ್ಟರ ಚೀಟಿಯಲ್ಲಿ ಆಂಜೈನಾ ಅಂತಲೇ ಬರೆಯುತ್ತಾರೆ. ಇದು ಹೃದಯದ ರಕ್ತನಾಳದ ರೋಗ ಅಂತ ಹೆಬರ್ಡನ್‌ಗೆ ಗೊತ್ತಿರಲಿಲ್ಲ. ಔಷಧವೂ ಗೊತ್ತಿರಲಿಲ್ಲ. ದಿನಾ ಅರ್ಧ ಗಂಟೆ ಸೌದೆ ಕೊಯ್ಯುವ ಕೆಲಸ ಹಚ್ಚಿಕೊಂಡ ಒಬ್ಬ ರೋಗಿಗೆ ಹೆಚ್ಚುಕಡಿಮೆ ವಾಸಿಯಾಯಿತು ಅಂತ ಬರೆದಿದ್ದಾರೆ, ಅಷ್ಟೆ.

ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟೆ. ನಮ್ಮ ಹೊಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಏರಿದೆ. ಏರು ಮುಗಿಯುವಲ್ಲಿ ಆಂಜನೇಯನ ಗುಡಿ, ಗುಡಿ ಮುಂದೆ ಕಲ್ಲುಕಟ್ಟೆ. ಸಾಯುವುದಕ್ಕೆ ಮೂರು ನಾಲ್ಕು ತಿಂಗಳು ಮುಂಚಿನಿಂದ ದೊಡ್ಡಪ್ಪ ಆ ಕಟ್ಟೆಯ ಮೇಲೆ ಕೂತು ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಐದು ನಿಮಿಷ ಕೂತು, ಒಂದು ಬೀಡಿ ಸೇದಿ, ಮತ್ತೆ ಎದ್ದು ಹೋಗುವರು. ವಯಸ್ಸಾಯ್ತು, ಭಕ್ತಿ ಬಂತು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಏರು ಹತ್ತಿದಾಗ ಬರುವುದು, ಕೂತರೆ ಹೋಗುವುದು, 1768ರಲ್ಲಿ ಬರೆದಿಟ್ಟದ್ದೇ ನಮ್ಮ ಕಣ್ಣ ಮುಂದೆ ನಡೆದಿತ್ತು.

ಹೆಬರ್ಡನ್ ಲೇಖನ ಅಚ್ಚಾದ ಮೇಲೆ ಅವರಿಗೆ ಹೆಸರಿಲ್ಲದ ಒಂದು ಪತ್ರ ಬಂತು. ನೀವು ಬರೆದ ರೋಗ ನನಗಿದೆ, ನಾನು ಸತ್ತರೆ ನನ್ನ ದೇಹ ಕೊಯ್ದು ಕಾರಣ ಹುಡುಕಿ ಅನ್ನುವುದು ಅದರ ಸಾರ. ಮೂರು ವಾರದೊಳಗೆ ಆತ ಸತ್ತೇಹೋದ. ಶವ ಕೊಯ್ದದ್ದು ಜಾನ್ ಹಂಟರ್, ಆ ಕಾಲದ ಹೆಸರಾಂತ ಸರ್ಜನ್. ಪಕ್ಕದಲ್ಲಿದ್ದ ಶಿಷ್ಯ ಎಡ್ವರ್ಡ್ ಜೆನ್ನರ್. ಸಿಡುಬಿಗೆ ಲಸಿಕೆ ಕಂಡುಹಿಡಿದವರು ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಜೆನ್ನರ್. ಅವತ್ತು ಏನೂ ಸಿಗಲಿಲ್ಲ. ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳನ್ನು ಅವರು ಬಿಡಿಸಿ ನೋಡಿರಲಿಲ್ಲ.

ಮುಂದೆ ಜೆನ್ನರ್ ಹಳ್ಳಿ ವೈದ್ಯರಾಗಿದ್ದಾಗ ಇದೇ ನೋವಿನಿಂದ ಸತ್ತ ಇನ್ನೊಬ್ಬರ ಹೃದಯ ಕೊಯ್ಯುತ್ತಿದ್ದರು. ಚಾಕು ಏನೋ ಗಟ್ಟಿಯಾದ, ಮರಳು ಮರಳಾದ ವಸ್ತುವಿಗೆ ತಾಗಿತು. ಕಟ್ಟಡ ಹಳೆಯದು, ಮೇಲಿಂದ ಗಾರೆ ಉದುರಿರಬೇಕು ಅಂತ ಛಾವಣಿ ನೋಡಿದರಂತೆ. ಗಾರೆ ಅಲ್ಲ, ರಕ್ತನಾಳವೇ ಸುಣ್ಣಗಟ್ಟಿ ಎಲುಬಿನ ಹಾಗಾಗಿತ್ತು. ಆದರೆ ಅವರು ಅದನ್ನು ಡಂಗುರ ಸಾರಲಿಲ್ಲ. ಅಷ್ಟರಲ್ಲಿ ಗುರು ಹಂಟರ್‌ಗೇ ಅದೇ ಎದೆನೋವು ಶುರುವಾಗಿತ್ತು. ಕಾರಣ ಗೊತ್ತು, ಔಷಧ ಇಲ್ಲ, ಗುರುವಿಗೆ ಹೇಳಿ ಏನು ಪ್ರಯೋಜನ ಅನ್ನುವ ಸಂಕಟ.

ಹಂಟರ್ ಮಹಾ ಸಿಟ್ಟಿನ ಮನುಷ್ಯ. ಕೋಪ ಬಂದಾಗಲೆಲ್ಲ ನೋವು ಬರುತ್ತಿತ್ತು. ನನ್ನನ್ನು ಕೆಣಕಲು ಹೊರಟ ಯಾವ ಪೋಲಿಯ ಕೈಯಲ್ಲಾದರೂ ನನ್ನ ಪ್ರಾಣ ಇದೆ ಅನ್ನುತ್ತಿದ್ದರಂತೆ. 1793ರ ಅಕ್ಟೋಬರ್ 16ರಂದು ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದವಾಯಿತು. ಪಕ್ಕದ ಕೋಣೆಗೆ ಹೋಗಿ ಕುಸಿದು ಬಿದ್ದರು. ಅವರ ಹೃದಯದಲ್ಲೂ ಅದೇ ಸುಣ್ಣಗಟ್ಟಿದ ನಾಳಗಳು.

ನಾಳ ಕಟ್ಟುವುದು ಹೇಗೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಹೃದಯ ಇಡೀ ಮೈಗೆ ರಕ್ತ ತಳ್ಳುತ್ತದೆ, ಆದರೆ ಅದರ ಸ್ವಂತ ಮಾಂಸಕ್ಕೂ ರಕ್ತ ಬೇಕು. ಅದಕ್ಕೆ ಬೇರೆಯೇ ನಾಳಗಳಿವೆ, ಹೃದಯದ ನೆತ್ತಿಯ ಮೇಲೆ ಕಿರೀಟದ ಹಾಗೆ ಸುತ್ತಿಕೊಂಡು ಕೆಳಗೆ ಇಳಿದಿರುತ್ತವೆ. ಇಂಗ್ಲಿಷಿನ ಕರೋನರಿ ಅನ್ನುವ ಹೆಸರು ಕಿರೀಟದಿಂದಲೇ ಬಂದದ್ದು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಡ್ರಿಪ್ ಪೈಪು ಮುಚ್ಚಿಹೋಗುವುದನ್ನು ನೀವು ನೋಡಿದ್ದೀರಿ. ಹಾಗೇ ಅಂದುಕೊಳ್ಳಿ, ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಕೊಬ್ಬು ಪೈಪಿನ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ, ಗೋಡೆಯ ಒಳಗೇ ಬೊಕ್ಕೆಯ ಹಾಗೆ ಬೆಳೆಯುತ್ತದೆ. ಬೊಕ್ಕೆ ದೊಡ್ಡದಾದರೆ ದಾರಿ ಕಿರಿದಾಗುತ್ತದೆ. ಕೂತಿದ್ದಾಗ ರಕ್ತ ಸಾಕು, ಏರು ಹತ್ತಿದಾಗ ಸಾಲದು. ಅದು ಹೆಬರ್ಡನ್ ಕಂಡ ನೋವು. ಬೊಕ್ಕೆ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಅದು ಹಾರ್ಟ್ ಅಟ್ಯಾಕ್. ಸಣ್ಣ ಬೊಕ್ಕೆಯೂ ಒಡೆಯಬಹುದು. ನಿನ್ನೆವರೆಗೆ ಗುಡ್ಡ ಹತ್ತುತ್ತಿದ್ದವರು ಇವತ್ತು ಬೀಳುವುದು ಹಾಗೆ.

ಔಷಧ ಸಿಕ್ಕಿದ್ದು ಸಿಡಿಮದ್ದಿನ ಕಾರ್ಖಾನೆಯ ಕಡೆಯಿಂದ. ನೈಟ್ರೋಗ್ಲಿಸರಿನ್ ಮುಟ್ಟಿದವರಿಗೆ, ಮೂಸಿದವರಿಗೆ ತಲೆ ಸಿಡಿಯುತ್ತಿತ್ತು. ಅದು ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಹಾಗೆ. 1879ರಲ್ಲಿ ಲಂಡನ್ನಿನ ವಿಲಿಯಂ ಮುರೆಲ್ ಅದನ್ನೇ ಬಹಳ ತೆಳುವು ಮಾಡಿ ಎದೆನೋವಿನವರಿಗೆ ಕೊಟ್ಟು ನೋಡಿ ಬರೆದರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೇ 1896ರಲ್ಲಿ ಡಾಕ್ಟರು ಈ ಔಷಧ ಬರೆದುಕೊಟ್ಟಾಗ ಅವರು ಗೆಳೆಯನಿಗೆ ಪತ್ರ ಬರೆದು ವಿಧಿಯ ಆಟ ನೋಡು ಅಂತ ನಕ್ಕಿದ್ದರು. ನಮ್ಮಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಕೊಡುವ ಸಣ್ಣ ಮಾತ್ರೆ ಇದೇ ಜಾತಿಯದು. ಬಿಪಿ ಇಳಿಸುವ ಮಾತ್ರೆ ಅದು. ಪಕ್ಕದ ಮನೆಯವರದ್ದನ್ನು ಇಸಿದುಕೊಂಡು ಇಟ್ಟುಕೊಳ್ಳಬೇಡಿ.

ಅಮೆರಿಕದ ಪೇಪರುಗಳ 'ಅಜೀರ್ಣ'

ಈಗ ಗ್ಯಾಸಿನ ವಿಷಯಕ್ಕೆ ಬರುತ್ತೇನೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಅಮೆರಿಕದ ಪತ್ರಿಕೆಗಳ ನಿಧನ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಕಾರಣ 'ತೀವ್ರ ಅಜೀರ್ಣ'. ಊಟವಾಯಿತು, ಹೊಟ್ಟೆ ಮೇಲ್ಭಾಗ ನೋಯಿತು, ವಾಂತಿ, ಬೆವರು, ಬೆಳಗಾಗುವಷ್ಟರಲ್ಲಿ ಸಾವು. ಬರೆದವರು ನನ್ನಂಥ ಸ್ಟ್ರಿಂಜರ್‌ಗಳೇ ಇರಬೇಕು, ಆದರೆ ಹಾಗೆ ಹೇಳಿದವರು ಡಾಕ್ಟರುಗಳು. ಹೃದಯದ ನಾಳ ಪೂರ್ತಿ ಮುಚ್ಚಿದರೆ ಮನುಷ್ಯ ಆ ಕ್ಷಣವೇ ಸಾಯುತ್ತಾನೆ ಅನ್ನುವುದು ಆಗಿನ ನಂಬಿಕೆ. ಗಂಟೆಗಟ್ಟಲೆ ಬದುಕಿದ್ದ ಅಂದರೆ ಹೃದಯದ್ದಲ್ಲ, ಹೊಟ್ಟೆಯದ್ದು ಅಂತ ತೀರ್ಮಾನ.

ಈ ನಂಬಿಕೆಯನ್ನು ಮುರಿದವರು ಷಿಕಾಗೋದ ಜೇಮ್ಸ್ ಹೆರಿಕ್. ಅವರ ಬಳಿಗೆ 55 ವರ್ಷದ ಒಬ್ಬರು ಬಂದಿದ್ದರು. ಊಟವಾದ ಒಂದು ಗಂಟೆಗೆ ನೋವು ಶುರುವಾಗಿತ್ತು, ವಾಂತಿಯಾಗಿತ್ತು. ಆತ ಬದುಕಿದ್ದು 52 ಗಂಟೆ. ಶವಪರೀಕ್ಷೆಯಲ್ಲಿ ಹೃದಯದ ಎಡನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿತು. ನಾಳ ಮುಚ್ಚಿದರೂ ಕೆಲವರು ಗಂಟೆ, ದಿನ, ಕೆಲವೊಮ್ಮೆ ವರ್ಷಗಟ್ಟಲೆ ಬದುಕುತ್ತಾರೆ, ಹಾಗಾಗಿ ಬದುಕಿರುವಾಗಲೇ ಇದನ್ನು ಗುರುತಿಸಬಹುದು ಅಂತ 1912ರಲ್ಲಿ ಅವರು ಬರೆದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಾನು ಎಸೆದ ಬಾಂಬು ಠುಸ್ಸಾಯಿತು ಅಂತ ಹೆರಿಕ್ ಮುಂದೆ ನೊಂದುಕೊಂಡದ್ದುಂಟು. ನೆದರ್‌ಲ್ಯಾಂಡ್ಸಿನ ಐಂತೋವನ್ ಮಾಡಿದ್ದ ಇಸಿಜಿ ಯಂತ್ರ ಸಹಾಯಕ್ಕೆ ಬಂದ ಮೇಲೇ ಜನ ಒಪ್ಪಿದ್ದು. ಮೊದಲ ಇಸಿಜಿ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕು. ರೋಗಿ ಉಪ್ಪುನೀರಿನ ಬಕೆಟುಗಳಲ್ಲಿ ಕೈಕಾಲು ಅದ್ದಿ ಕೂರಬೇಕು. ಇವತ್ತು ಅದು ಬ್ಯಾಗಿನಲ್ಲಿ ಹಿಡಿಯುತ್ತದೆ.

ಒಪ್ಪಿದ ಮೇಲೂ ತಪ್ಪು ನಿಲ್ಲಲಿಲ್ಲ. 1923ರಲ್ಲಿ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಪ್ರವಾಸದಲ್ಲಿ ಹುಷಾರು ತಪ್ಪಿದಾಗ ಅವರ ಖಾಸಗಿ ವೈದ್ಯರು ಕೆಟ್ಟ ಆಹಾರದ ಫಲ ಅಂದರು. ಕೆಲವೇ ದಿನದಲ್ಲಿ ಸತ್ತರು.

1955ರಲ್ಲಿ ಇನ್ನೊಬ್ಬ ಅಧ್ಯಕ್ಷರು, ಐಸೆನ್‌ಹೋವರ್. ಸೆಪ್ಟೆಂಬರ್ 23ರಂದು ಡೆನ್ವರ್ ಪಟ್ಟಣದಲ್ಲಿ ಗಾಲ್ಫ್ ಆಡುತ್ತಿದ್ದರು. ಮಧ್ಯಾಹ್ನ ಹಸಿ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದಿದ್ದರು. ಹೊಟ್ಟೆಯಲ್ಲಿ ಏನೋ ಆಗುತ್ತಿದೆ, ಈರುಳ್ಳಿ ಒಗ್ಗಲಿಲ್ಲ ಅಂದರು. ಮಧ್ಯೆ ಮಧ್ಯೆ ಫೋನು ಬಂದು ಆಟ ಕೆಟ್ಟು ಸಿಟ್ಟೂ ಆಗಿದ್ದರು. ರಾತ್ರಿ ಎರಡರ ಹೊತ್ತಿಗೆ ಎದೆನೋವಿನಿಂದ ಎಚ್ಚರವಾಯಿತು. ವೈದ್ಯರು ಬಂದರು. ಬೆಳಗ್ಗೆ ಪತ್ರಕರ್ತರಿಗೆ ಹೇಳಿದ್ದು 'ಅಧ್ಯಕ್ಷರಿಗೆ ಜೀರ್ಣದ ತೊಂದರೆ'. ಇಸಿಜಿ ತೆಗೆದದ್ದು ಮಧ್ಯಾಹ್ನ, ಅಂದರೆ ನೋವು ಶುರುವಾಗಿ ಹತ್ತು ಗಂಟೆ ಕಳೆದ ಮೇಲೆ. ಪ್ರಪಂಚದ ಅತ್ಯಂತ ಬಲಾಢ್ಯ ಮನುಷ್ಯ, ಪಕ್ಕದಲ್ಲೇ ಸೇನಾ ಆಸ್ಪತ್ರೆ, ಆದರೂ ಹತ್ತು ಗಂಟೆ. ನಮ್ಮ ದೊಡ್ಡಮ್ಮನ ಓಂಕಾಳು ನೀರಿನ ಮೇಲೆ ನನಗಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಐಸೆನ್‌ಹೋವರ್ ಬದುಕಿದರು, ಮರುವರ್ಷ ಚುನಾವಣೆಯನ್ನೂ ಗೆದ್ದರು. ಒಂದು ಕಾಲಕ್ಕೆ ದಿನಕ್ಕೆ ನಾಲ್ಕು ಪ್ಯಾಕ್ ಸಿಗರೇಟು ಸೇದಿ 1949ರಲ್ಲಿ ಬಿಟ್ಟಿದ್ದ ಮನುಷ್ಯ. ಅವರನ್ನು ನೋಡಲು ಬಂದ ಹೃದಯತಜ್ಞ ಪಾಲ್ ಡಡ್ಲಿ ವೈಟ್ ಪತ್ರಕರ್ತರ ಮುಂದೆ ಕೂತು ಹಾರ್ಟ್ ಅಟ್ಯಾಕ್ ಅಂದರೇನು ಅಂತ ಪಾಠದ ಹಾಗೆ ಬಿಡಿಸಿ ಹೇಳಿದರು. ಅಧ್ಯಕ್ಷರ ಮಲವಿಸರ್ಜನೆ ಸರಿಯಾಗಿದೆ ಅನ್ನುವುದನ್ನೂ ಬಿಡಲಿಲ್ಲ. ಜನಸಾಮಾನ್ಯರು ಈ ರೋಗದ ಹೆಸರನ್ನು ಬಾಯಿ ತುಂಬ ಆಡಲು ಶುರು ಮಾಡಿದ್ದು ಆಮೇಲೆ.

ಯಾವ ನೋವು ಯಾವುದು

ಹೆಬರ್ಡನ್ ಹೇಳಿದ ನೋವು, ಅಂದರೆ ಶ್ರಮಕ್ಕೆ ಬಂದು ನಿಂತರೆ ಕೆಲವೇ ನಿಮಿಷದಲ್ಲಿ ಹೋಗುವುದು, ದಿನಾ ಹೆಚ್ಚುಕಡಿಮೆ ಅಷ್ಟೇ ದೂರ ನಡೆದಾಗ ಬರುವುದು, ಅದನ್ನು ಸ್ಥಿರ ಆಂಜೈನಾ ಅನ್ನುತ್ತಾರೆ. ನಾಳ ಕಿರಿದಾಗಿದೆ ಅಂತ ಅರ್ಥ. ಆ ವಾರದಲ್ಲೇ ಡಾಕ್ಟರ ಹತ್ತಿರ ಹೋಗಬೇಕಾದದ್ದು. ಅದೇ ನೋವು ಮೊದಲಿಗಿಂತ ಕಡಿಮೆ ಶ್ರಮಕ್ಕೆ ಬಂದರೆ, ಕೂತಿದ್ದಾಗಲೋ ಮಲಗಿದ್ದಾಗಲೋ ಬಂದರೆ, ಹೆಚ್ಚು ಹೊತ್ತು ನಿಂತರೆ ಅದು ಅಸ್ಥಿರ ಆಂಜೈನಾ. ಬೊಕ್ಕೆ ಒಡೆಯುತ್ತಿದೆ ಅಂದುಕೊಳ್ಳಬೇಕು, ಆ ಗಳಿಗೆಯಲ್ಲೇ ಹೊರಡಬೇಕು. ಹದಿನೈದು ಇಪ್ಪತ್ತು ನಿಮಿಷವಾದರೂ ಇಳಿಯದ, ಬೆವರು, ವಾಕರಿಕೆ, ಉಸಿರುಕಟ್ಟು ಜೊತೆಗಿರುವ ನೋವನ್ನು ಹಾರ್ಟ್ ಅಟ್ಯಾಕ್ ಅಂತಲೇ ತಿಳಿಯಬೇಕು. ಅಲ್ಲ ಅಂತ ಹೇಳುವುದು ಆಸ್ಪತ್ರೆಯ ಕೆಲಸ.

ಇನ್ನೊಂದು ಅಪರೂಪದ ಬಗೆ ಇದೆ. 1959ರಲ್ಲಿ ಪ್ರಿಂಜ್‌ಮೆಟಲ್ ಎಂಬ ವೈದ್ಯರು ವಿವರಿಸಿದ್ದು. ಶ್ರಮವೇ ಇಲ್ಲದೆ, ಬಹಳ ಸಲ ನಡುರಾತ್ರಿ, ನಾಳ ತಾನೇ ಸೆಟೆದುಕೊಂಡು ಬರುವ ನೋವು. ನಡೆದಾಗ ಬರದು. ಹಾಗಾಗಿ 'ಹೊಲಕ್ಕೆ ಹೋದಾಗ ಏನೂ ಆಗಲ್ಲ' ಅನ್ನುವುದು ಹೃದಯ ಚೆನ್ನಾಗಿದೆ ಅನ್ನುವುದಕ್ಕೆ ಪೂರ್ತಿ ಪುರಾವೆ ಅಲ್ಲ.

ಈಗ ಮಾತಿನ ವಿಷಯ. ಡಾಕ್ಟರು 'ಎದೆ ನೋವಿದೆಯಾ' ಅಂತ ಕೇಳುತ್ತಾರೆ. ನಮ್ಮವರು 'ಇಲ್ಲ' ಅನ್ನುತ್ತಾರೆ. ಸುಳ್ಳಲ್ಲ. ಅವರಿಗೆ ಅದು ನೋವು ಅನ್ನಿಸಿರುವುದಿಲ್ಲ. ಹಿಂಡಿದಂಗೆ, ಕಲ್ಲು ಚಪ್ಪಡಿ ಇಟ್ಟಂಗೆ, ಉರಿ, ಬಿಗಿ, ಗಂಟಲಿಗೆ ಬಂದು ನಿಂತಂಗೆ. ಕೆಲವರಿಗೆ ದವಡೆಯಲ್ಲಿ, ಭುಜದಲ್ಲಿ, ಬೆನ್ನಲ್ಲಿ, ಹೊಟ್ಟೆ ಮೇಲ್ಭಾಗದಲ್ಲಿ. ಹಲ್ಲುನೋವು ಅಂತ ಹಲ್ಲು ಕೀಳಿಸಲು ಹೋದವರೂ ಇದ್ದಾರೆ. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಎಂಬ ವೈದ್ಯರು ಗಮನಿಸಿದ್ದು ರೋಗಿಯ ಮಾತನ್ನಲ್ಲ, ಕೈಯನ್ನು. ಎಲ್ಲಿ ಅಂತ ಕೇಳಿದರೆ ಈ ರೋಗದವರು ಬೆರಳು ತೋರಿಸುವುದಿಲ್ಲ, ಮುಷ್ಟಿ ಕಟ್ಟಿ ಎದೆ ನಡುವೆ ಇಡುತ್ತಾರೆ. ಒಂದೇ ಬೆರಳಿನಲ್ಲಿ ಒಂದೇ ಜಾಗ ತೋರಿಸುವ, ಒತ್ತಿದರೆ ಹೆಚ್ಚಾಗುವ ನೋವು ಬಹಳ ಸಲ ಪಕ್ಕೆಲುಬಿನದು, ಮಾಂಸಖಂಡದ್ದು. ಉಸಿರು ಎಳೆದಾಗ ಚುಚ್ಚುವುದು ಶ್ವಾಸಕೋಶದ ಪೊರೆಯದಿರಬಹುದು. ಮಲಗಿದರೆ ಹೆಚ್ಚಾಗಿ, ಹುಳಿತೇಗು ಬಂದು, ಎದ್ದು ಕೂತರೆ ಕಡಿಮೆಯಾಗುವುದು ಆಸಿಡಿಟಿ ಇರಬಹುದು. 'ಇರಬಹುದು' ಅಂತ ಬೇಕೆಂದೇ ಬರೆದಿದ್ದೇನೆ. ಸೋಡಾ ಕುಡಿದು ತೇಗು ಬಂದು ಹಗುರವಾಯಿತು ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ದೊಡ್ಡಪ್ಪನಿಗೂ ಎರಡು ಸಲ ತೇಗು ಬಂದಿತ್ತು.

ಹೆಂಗಸರದ್ದು ಬೇರೆಯೇ ಕಥೆ. ಹೆಬರ್ಡನ್ ಕೊನೆಗೆ ಲೆಕ್ಕ ಹಾಕಿದ ನೂರರ ಹತ್ತಿರದ ರೋಗಿಗಳಲ್ಲಿ ಹೆಂಗಸರು ಮೂರೇ ಜನ. ಇದು ಗಂಡಸರ ರೋಗ ಅನ್ನುವ ಮಾತು ಎರಡು ಶತಮಾನ ಹಾಗೇ ಉಳಿಯಿತು. ಹೆಂಗಸರಿಗೂ ಎದೆ ಹಿಂಡುತ್ತದೆ, ಆದರೆ ಬರೀ ಸುಸ್ತು, ವಾಂತಿ, ಉಸಿರುಕಟ್ಟು, ಬೆನ್ನುನೋವು ಅಂತ ಬರುವುದೂ ಅವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ನರಗಳು ಮಂಕಾಗಿ ನೋವೇ ಇಲ್ಲದೆ ಅಟ್ಯಾಕ್ ಆಗುವುದುಂಟು. ಸಕ್ಕರೆ ಇರುವ ಹೆಂಗಸು 'ಯಾಕೋ ಇವತ್ತು ಕೈಲಾಗ್ತಿಲ್ಲ ಕಣಪ್ಪ' ಅಂತ ಬೆವರುತ್ತಾ ಕೂತರೆ ಮನೆಯವರಿಗೆ ಅದು ಹೃದಯ ಅಂತ ಹೊಳೆಯುವುದು ಕಷ್ಟ.

ಒಂದು ಊರನ್ನೇ ನೋಡುತ್ತಾ ಕೂತರು

ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಅನ್ನುವುದು ಗೊತ್ತಾದದ್ದು ಇನ್ನೂ ತಡವಾಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕವನ್ನು ನಡೆಸಿದ ರೂಸ್ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಸತ್ತರು. ಅವತ್ತು ಅವರ ಬಿಪಿ 300/190. ಹಿಂದಿನ ವರ್ಷವೇ 186/108 ಇತ್ತು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಸಪೂರವಾದ ನಾಳಗಳಲ್ಲಿ ರಕ್ತ ತಳ್ಳಲು ಅದು ಬೇಕೇ ಬೇಕು ಅನ್ನುವ ಕಾಲ. ಮುಂದೆ ಐಸೆನ್‌ಹೋವರ್‌ಗೆ ಚಿಕಿತ್ಸೆ ಕೊಟ್ಟ ಅದೇ ಪಾಲ್ ವೈಟ್ ಕೂಡ 1931ರ ತಮ್ಮ ಪುಸ್ತಕದಲ್ಲಿ, ಬಿಪಿ ದೇಹ ತಾನೇ ಮಾಡಿಕೊಂಡ ಹೊಂದಾಣಿಕೆ ಇರಬಹುದು, ಕೈಹಾಕದಿರುವುದೇ ಲೇಸು ಅನ್ನುವ ಅರ್ಥದ ಮಾತು ಬರೆದಿದ್ದರು.

1948ರಲ್ಲಿ ಬಾಸ್ಟನ್ ಹತ್ತಿರದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಕೆಲಸ ಶುರುವಾಯಿತು. ಅಲ್ಲಿನ 5,209 ಗಂಡಸರು, ಹೆಂಗಸರನ್ನು ಆರಿಸಿಕೊಂಡು ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಾ ಹೋದರು. ಔಷಧ ಕೊಡುವ ಪ್ರಯೋಗವಲ್ಲ. ಬರೀ ನೋಡುವುದು, ಬರೆದಿಡುವುದು, ಕಾಯುವುದು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಮೂಡಿತು. ಬಿಪಿ ಇದ್ದವರು, ಕೊಲೆಸ್ಟ್ರಾಲ್ ಹೆಚ್ಚಿದ್ದವರು, ಸಿಗರೇಟು ಸೇದುವವರು ಹೆಚ್ಚು ಬಿದ್ದಿದ್ದರು. 1961ರಲ್ಲಿ ಆ ತಂಡದ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಬಳಸಿದ ಮಾತಿನಿಂದಲೇ ಇವತ್ತು ಎಲ್ಲರೂ ಹೇಳುವ 'ರಿಸ್ಕ್ ಫ್ಯಾಕ್ಟರ್' ಬಂತು. ಅಪಾಯದ ಕಾರಣ ಅನ್ನೋಣ.

ಅದು ಬಿಳಿಯರ ಊರು, ನಮಗೆ ಆ ಲೆಕ್ಕ ಒಪ್ಪುತ್ತದೆಯೇ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಬೆಂಗಳೂರಿನ ನಂಟಿದೆ. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ, ಮುಂದೆ ಕೆನಡಾಗೆ ಹೋದ ಸಲೀಂ ಯೂಸುಫ್ 52 ದೇಶಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹೆಸರು ಇಂಟರ್‌ಹಾರ್ಟ್. ಮೊದಲ ಸಲ ಅಟ್ಯಾಕ್ ಆದ ಸುಮಾರು 15 ಸಾವಿರ ಜನ, ಆಗದ ಸುಮಾರು ಅಷ್ಟೇ ಜನರನ್ನು ಹೋಲಿಸಿ ನೋಡಿದರು. ಫಲಿತಾಂಶ 2004ರಲ್ಲಿ ಬಂತು. ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ಅಭ್ಯಾಸ, ಈ ಒಂಬತ್ತರಲ್ಲೇ ಗಂಡಸರ ಅಪಾಯದ ಶೇ 90, ಹೆಂಗಸರದ್ದು ಶೇ 94 ಅಡಗಿತ್ತು. ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಅವೇ. ವ್ಯತ್ಯಾಸ ಇದ್ದದ್ದು ವಯಸ್ಸಿನಲ್ಲಿ. ಭಾರತ, ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ, ನೇಪಾಳದವರಿಗೆ ಮೊದಲ ಅಟ್ಯಾಕ್ ಆಗುವ ನಡುವಯಸ್ಸು 53. ಉಳಿದ ದೇಶಗಳಲ್ಲಿ ಸುಮಾರು 59. ಆರು ವರ್ಷ ಮುಂಚೆ. ದೊಡ್ಡಪ್ಪನಿಗೆ 52 ಅಂತ ಹೇಳಿದೆನಲ್ಲ.

ಅದೇ ಅಧ್ಯಯನ ಬೀಡಿಯನ್ನೂ ಲೆಕ್ಕ ಹಾಕಿತ್ತು. ಬೀಡಿ ಸೇದುವವರಿಗೆ ಅಪಾಯ ಸುಮಾರು ಮೂರು ಪಟ್ಟು. ಹೊಗೆಸೊಪ್ಪು ಅಗಿಯುವವರಿಗೂ ಎರಡು ಪಟ್ಟಿಗಿಂತ ಹೆಚ್ಚು. ಬೀಡಿ ಸಣ್ಣದು, ಎಲೆ ಸುತ್ತಿದ್ದು, ಏನಾಗಲ್ಲ ಅನ್ನುವ ಮಾತು ನಮ್ಮಲ್ಲಿ ಇನ್ನೂ ಇದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರನ್ನು ತಂಬಾಕಿನವರು ಅಂತ ನಾವು ಎಣಿಸುವುದೇ ಇಲ್ಲ.

ಹೊತ್ತು

ಬಲೂನು, ಸ್ಟೆಂಟು, ಬೈಪಾಸುಗಳ ಕಥೆ ದೊಡ್ಡದು, ಇಲ್ಲಿ ಮುಗಿಯುವುದಿಲ್ಲ. 1958ರಲ್ಲಿ ಕ್ಲೀವ್‌ಲ್ಯಾಂಡ್‌ನ ಮೇಸನ್ ಸೋನ್ಸ್ ಎಂಬ ವೈದ್ಯರ ಸಣ್ಣ ಕೊಳವೆ ಜಾರಿ ರೋಗಿಯ ಹೃದಯದ ನಾಳಕ್ಕೇ ಹೊಕ್ಕು, ಬಣ್ಣದ ಔಷಧ ಅದರೊಳಗೆ ಹೋಗಿ, ಆತ ಸತ್ತ ಅಂತ ಎಲ್ಲರೂ ಗಾಬರಿಯಾದಾಗ ಆತ ಕೆಮ್ಮಿ ಸುಧಾರಿಸಿಕೊಂಡ. ನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ ಹುಟ್ಟಿದ್ದು ಆ ಆಕಸ್ಮಿಕದಿಂದ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಎಂಬ ವೈದ್ಯರು, ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಕೂತು ಬೆಳೆಸಿದ ಉಪಾಯದಿಂದ, 38 ವರ್ಷದವನೊಬ್ಬನ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು.

ಹಳ್ಳಿಯವರಿಗೆ ಇವಕ್ಕಿಂತ ದೊಡ್ಡ ಸುದ್ದಿ 1988ರದ್ದು. ಆಕ್ಸ್‌ಫರ್ಡ್‌ನವರು ನಡೆಸಿದ, 17,187 ರೋಗಿಗಳಿದ್ದ ಪ್ರಯೋಗದಲ್ಲಿ ಅಟ್ಯಾಕ್ ಆದವರಿಗೆ ಬರೀ ಆಸ್ಪಿರಿನ್ ಕೊಟ್ಟರೇ ಮುಂದಿನ ಐದು ವಾರದ ಸಾವು ಶೇ 23ರಷ್ಟು ಇಳಿಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ನೂ ಸೇರಿದರೆ ಶೇ 42. ದೊಡ್ಡ ಆಪರೇಷನ್ ಥಿಯೇಟರ್ ಬೇಡ, ಒಂದು ಮಾತ್ರೆ, ಒಂದು ಇಂಜೆಕ್ಷನ್. ಆದರೆ ಇಂಜೆಕ್ಷನ್ನಿನ ಪೂರ್ತಿ ಫಲ ಸಿಗುವುದು ಮೊದಲ ಗಂಟೆಗಳಲ್ಲಿ. ಹೊತ್ತು ಕಳೆದಂತೆ ಹೃದಯದ ಮಾಂಸ ಸತ್ತುಹೋಗುತ್ತದೆ, ಸತ್ತದ್ದು ಮತ್ತೆ ಚಿಗುರುವುದಿಲ್ಲ.

ಸೇಂಟ್ ಜಾನ್ಸ್‌ನ ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ದಾಖಲೆ ಸೇರಿಸಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾಗಿ ಆಸ್ಪತ್ರೆ ಬಾಗಿಲು ಸೇರಲು ತಗುಲಿದ ಹೊತ್ತು, ನಡುಲೆಕ್ಕದಲ್ಲಿ, 360 ನಿಮಿಷ. ಆರು ಗಂಟೆ. ಒಳಗೆ ಹೋದ ಮೇಲೆ ಇಂಜೆಕ್ಷನ್ ಕೊಡಲು ಬೇಕಾದದ್ದು ಮಾತ್ರ 50 ನಿಮಿಷ. ಉಳಿದ ಆರು ಗಂಟೆ ಕಳೆದದ್ದು ಮನೆಯಲ್ಲಿ, ದಾರಿಯಲ್ಲಿ. ನಾವು ಒಂಬತ್ತಕ್ಕೆ ಶುರುವಾದದ್ದಕ್ಕೆ ಮೂರಕ್ಕೆ ಗಾಡಿ ಹತ್ತಿದೆವು. ಆರೇ ಗಂಟೆ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಹೋದಾಗ ನಮ್ಮೂರಿನಲ್ಲಿ ಒಲೆ ಹಚ್ಚದ ಮನೆಗಳಿದ್ದವು. 2023ರಲ್ಲಿ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ಅದರಡಿ ಬರುವ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಫೋನಿನಲ್ಲೇ ಕಳಿಸಿ, ಅಟ್ಯಾಕ್ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಜೆಕ್ಷನ್ ಅದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಅಂತ ಚೆನ್ನಾಗಿರುವಾಗಲೇ ಹೋಗಿ ಕೇಳಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕೇಳುವ ವಿಷಯ ಅಲ್ಲ. ಗಾಡಿಗೆ 108. ಆಸ್ಪಿರಿನ್ 300 ಮಿಲಿಗ್ರಾಂ ಅಗಿಯಬೇಕೇ ಅಂತ ಆ ಫೋನಿನಲ್ಲೇ ಕೇಳಿ. ಆ ಮಾತ್ರೆ ಒಗ್ಗದವರು, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುವವರು ತೆಗೆದುಕೊಳ್ಳಬಾರದು. ಮೊದಲ ಇಸಿಜಿ ಸರಿಯಾಗಿದೆ ಅಂದ ಕೂಡಲೇ ಎದ್ದು ಬರಬೇಡಿ. ಶುರುವಿನಲ್ಲಿ ಅದು ಸರಿಯಾಗಿ ಕಾಣುವುದುಂಟು. ನೋವು ಉಳಿದಿದ್ದರೆ ಮತ್ತೆ ತೆಗೆಯುತ್ತಾರೆ, ರಕ್ತಪರೀಕ್ಷೆ ಮಾಡುತ್ತಾರೆ.

2025ರ ಜೂನಿನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ನಮ್ಮ ಮಾಧ್ಯಮದವರು ದಿನಕ್ಕೊಂದು ಸಾವನ್ನು ಎಣಿಸಿ ತೋರಿಸಿದ್ದೂ ಆ ಸಾಲಿಗೆ ಕಾರಣ, ಇದನ್ನು ಒಪ್ಪಿಕೊಳ್ಳಬೇಕು. ಆ ಸಾಲಿನ ಫೋಟೊ ನೋಡಿ ನಮ್ಮಣ್ಣನಿಗೂ ಭಯ ಹತ್ತಿತು. ದೊಡ್ಡಪ್ಪನ ಮಗ, ವಯಸ್ಸು 43. ಅಪ್ಪನಿಗೆ 55ರೊಳಗೆ ಬಂದಿದ್ದರೆ ಮಗನಿಗೂ ಅಪಾಯ ಹೆಚ್ಚು ಅಂತ ನಾನು ವರ್ಷಗಳಿಂದ ಹೇಳುತ್ತಿದ್ದರೂ ಕೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಿಪಿ 160/100. ಇಸಿಜಿ ಸರಿಯಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಚೀಟಿ ಬರೆಯುವ ಮುಂಚೆ ಪೆನ್ನು ಕೆಳಗಿಟ್ಟು ಕೇಳಿದರು, "ಏರು ಹತ್ತಿದಾಗ ಎದೇಲಿ ಏನಾದ್ರೂ ಆಗುತ್ತಾ? ನಿಂತ್ರೆ ಹೋಗುತ್ತಾ?"

ಅಣ್ಣ ನನ್ನ ಮುಖ ನೋಡಿದ. "ಇಲ್ಲ ಮೇಡಂ" ಅಂದ. ಆಮೇಲೆ ಸ್ವಲ್ಪ ತಡೆದು, "ಆಂಜನೇಯನ ಗುಡೀತಾವ ಕೂತ್ಕತೀನಿ. ಅಪ್ಪ ಕೂತ್ಕತಿದ್ರಲ್ಲ, ಅದಕ್ಕೆ" ಅಂದ. ಅವರು ಚೀಟಿಯಲ್ಲಿ ಇನ್ನೊಂದು ಸಾಲು ಬರೆದರು. ಜಿಲ್ಲಾ ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಪರೀಕ್ಷೆ, ಬರುವ ಸೋಮವಾರ.